ಬೀದಿ ಪರದೆಯ ಮುಂದೆ ನಮ್ಮ ಕೇರಿ

ಚಳ್ಳಕೆರೆ ಸೀಮೆಯ ಹಳ್ಳಿಗಳಲ್ಲಿ ರಾತ್ರಿ ಹತ್ತಕ್ಕೆ ಶುರುವಾಗಿ ಕೋಳಿ ಕೂಗುವ ಹೊತ್ತಿಗೆ ಮಂಗಳ ಹಾಡುವ ನಾಟಕಗಳನ್ನು ನೋಡಿ ಬೆಳೆದವರಿಗೆ ಒಂದು ಪರದೆ ಮರೆಯುವಂಥದ್ದಲ್ಲ. ಅರಮನೆ ಪರದೆಯಲ್ಲ, ಕಾಡಿನ ಪರದೆಯೂ ಅಲ್ಲ, ಬೀದಿ ಪರದೆ. ಎರಡೂ ಬದಿಗೆ ಮಾಳಿಗೆ ಮನೆಗಳು, ನಡುವೆ ಕಿರಿದಾಗುತ್ತ ಹೋಗುವ ರಸ್ತೆ, ರಸ್ತೆಯ ತುದಿಗೆ ದೀಪದ ಕಂಬ. ಮನೆಗಳ ಕಿಟಕಿಗೆಲ್ಲ ಹಸಿರು ಬಣ್ಣ. ಆ ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲ.

ಚಿಕ್ಕವನಿದ್ದಾಗ ಚಾಪೆಯ ಮೇಲೆ ಅಮ್ಮನ ತೊಡೆಗೆ ಒರಗಿ ಕೇಳಿದ್ದೆ: 'ಯಮ್ಮಾ, ಆ ಬೀದಿ ಯಾವೂರ್ದು?'

'ನಾಟಕದೂರ್ದು ಕಣಪ್ಪ, ಸುಮ್ನೆ ನೋಡು' ಅಂದಿದ್ದಳು.

ಬೀದಿ ಪರದೆ ಇಳಿಯಿತೆಂದರೆ ಅದರ ಹಿಂದೆ ಸೀನು ಬದಲಾಗುತ್ತಿದೆ ಎಂದು ಅರ್ಥ. ಸಿಂಹಾಸನ ಎತ್ತುವ ಸದ್ದು, ಮೊಳೆ ಬಡಿಯುವ ಸದ್ದು ಕೇಳಿಸುತ್ತಲೇ ಇರುತ್ತದೆ. ಪರದೆಯ ಮುಂದಿನ ನಾಲ್ಕಡಿ ಜಾಗಕ್ಕೆ ಹಾಸ್ಯದ ಜೋಡಿಯೊಂದು ಬಂದು, ಎರಡು ಮಾತಾಡಿ, ಒಂದು ಹಾಡು ಹಾಡಿ, ಕುಣಿದು ಹೋಗುತ್ತದೆ. ಒಳಗಿನಿಂದ ಸೀಟಿ ಬಂದ ಕೂಡಲೇ ಬೀದಿ ಮೇಲೇರುತ್ತದೆ, ದುರ್ಯೋಧನನ ಸಭೆ ತೆರೆದುಕೊಳ್ಳುತ್ತದೆ. ನಮ್ಮ ರಂಗದ ಲೆಕ್ಕದಲ್ಲಿ ಬೀದಿ ಹೊತ್ತು ದಾಟಿಸುವ ಜಾಗ, ಕಥೆ ನಡೆಯುವುದು ಅರಮನೆಯಲ್ಲಿ. ಹಾಡುವ ನಾಟಕ ಊರೂರು ಅಲೆಯಲು ಶುರುವಾಗಿ ನೂರನಲವತ್ತು ವರ್ಷಗಳಾದವು. ಅದು ಹಾದುಹೋದ ಬೀದಿಗಳಲ್ಲಿ ಬೆಳೆದ ಮಕ್ಕಳ ಕಥೆ ಮಾತ್ರ ಪರದೆಯ ಮುಂದಿನ ನಾಲ್ಕಡಿ ಜಾಗದಲ್ಲೇ ಉಳಿದಿದೆ. ಆ ಬೀದಿಯೇ ಪೂರ್ತಿ ನಾಟಕವಾಗಬೇಕು ಎಂಬುದು ಈ ಬರಹದ ಆಸೆ.

ಹಾಡು ಗಾಡಿ ಹತ್ತಿದ ಬಗೆ

ಹಾಡಿನ ನಾಟಕ ದಕ್ಷಿಣಕ್ಕೆ ಹಲವು ದಾರಿಗಳಿಂದ ಬಂತು. 1880ರಲ್ಲಿ ಪುಣೆಯಲ್ಲಿ 'ಸಂಗೀತ ಶಾಕುಂತಲ' ಆಡಿಸಿ ಮರಾಠಿ ಸಂಗೀತ ನಾಟಕಕ್ಕೆ ಬುನಾದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. ಕನ್ನಡದ ನೆಲದಲ್ಲಿ ಮರಾಠಿ ನಾಟಕಗಳೇ ಮೆರೆಯುತ್ತಿದ್ದ ಆ ಕಾಲದಲ್ಲಿ ಗದಗದ ಶಾಂತಕವಿಗಳು ಕನ್ನಡದಲ್ಲಿ ನಾಟಕ ಬರೆದು, ಮಂಡಳಿ ಕಟ್ಟಿ ಆಡಿಸಿದರು. 1884ರಲ್ಲಿ ಗುಬ್ಬಿಯಲ್ಲಿ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ ಹುಟ್ಟಿತು. ಮರುವರ್ಷ ಕಡಪ ಜಿಲ್ಲೆಯ ಸುರಭಿ ಎಂಬ ಹಳ್ಳಿಯಲ್ಲಿ ತೆಲುಗಿನ ಸುರಭಿ ನಾಟಕ ಮನೆತನ ಮೊದಲ ಆಟ ಆಡಿತು. ನಡುವೆ ಬಳ್ಳಾರಿಯಲ್ಲಿ ಧರ್ಮವರಂ ರಾಮಕೃಷ್ಣಮಾಚಾರ್ಯರು ಸರಸ ವಿನೋದಿನಿ ಸಭೆ ಕಟ್ಟಿ ತೆಲುಗು ನಾಟಕಕ್ಕೆ ಪದ್ಯ, ಹಾಡುಗಳ ಹದ ಕೊಟ್ಟರು. ಬಳ್ಳಾರಿ ರಾಘವರು ಬೆಳೆದದ್ದೂ ಆ ಊರಿನ ರಂಗದ ಗಾಳಿಯಲ್ಲೇ.

ಭೂಪಟ ಬಿಡಿಸಿಕೊಂಡು ನೋಡಿದರೆ ಗುಬ್ಬಿ ದಕ್ಷಿಣಕ್ಕಿದೆ, ಬಳ್ಳಾರಿ ಉತ್ತರಕ್ಕೆ, ದಾವಣಗೆರೆ ಪಶ್ಚಿಮಕ್ಕೆ, ತೆಲುಗು ಸೀಮೆ ಪೂರ್ವಕ್ಕೆ. ಚಳ್ಳಕೆರೆ, ಮೊಳಕಾಲ್ಮೂರು ನಟ್ಟನಡುವೆ ಇವೆ. ಇಲ್ಲಿನ ಕಿವಿಗೆ ಕನ್ನಡದ ಕಂದಪದ್ಯವೂ ಗೊತ್ತು, ತೆಲುಗಿನ ಪದ್ಯ ನಾಟಕದ ದೀರ್ಘ ರಾಗವೂ ಗೊತ್ತು. ರಾಂಪುರ, ದೇವಸಮುದ್ರದ ಕಡೆ ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ, ಸಂತೆಯ ಮಾತು ಎರಡೂ.

ನಾಟಕದಲ್ಲಿ ಅಷ್ಟೊಂದು ಹಾಡು ಯಾಕೆ ಬೇಕಿತ್ತು ಎಂದು ಈಗಿನವರು ಕೇಳುತ್ತಾರೆ. ಮೈಕು ಬರುವ ಮುಂಚಿನ ಕಾಲ. ಸಾವಿರ ಜನ ಕೂತ ಬಯಲಿನಲ್ಲಿ ಕೊನೆಯ ಸಾಲಿಗೆ ಮಾತು ತಲುಪದಿದ್ದರೂ ಮೇಲಿನ ಷಡ್ಜದಲ್ಲಿ ಎತ್ತಿದ ಪದ್ಯ ತಲುಪುತ್ತಿತ್ತು. ಕಾಲಿನಿಂದ ತಿದಿ ಒತ್ತುವ ಕಾಲುಪೆಟ್ಟಿಗೆ ಹಾರ್ಮೋನಿಯಂ ಬಂದ ಮೇಲೆ ಮೇಷ್ಟ್ರ ಎರಡೂ ಕೈ ಮನೆಗಳ ಮೇಲೆ ಆಡತೊಡಗಿದವು. ನಟ ಪದ್ಯ ಎತ್ತುತ್ತಾನೆ, ಹಾರ್ಮೋನಿಯಂ ಬೆನ್ನು ಹತ್ತುತ್ತದೆ, ಆತ ಉಸಿರು ತೆಗೆದುಕೊಳ್ಳುವಾಗ ಅದೇ ರಾಗವನ್ನು ನುಡಿಸಿ ಜಾಗ ತುಂಬುತ್ತದೆ. 'ಒನ್ಸ್ ಮೋರ್' ಕೂಗು ಬಿದ್ದರೆ ಸತ್ತ ಅಭಿಮನ್ಯುವೂ ಎದ್ದು ಮತ್ತೊಮ್ಮೆ ಹಾಡಬೇಕು. ಮಟ್ಟುಗಳು ಎಲ್ಲ ಕಡೆಯಿಂದ ಬಂದವು: ಮರಾಠಿ ನಾಟ್ಯಗೀತೆ, ಪಾರ್ಸಿ ಕಂಪನಿಯ ಧಾಟಿ, ಕರ್ನಾಟಕ ಸಂಗೀತದ ಕೃತಿ, ಕೊನೆಗೆ ಸಿನಿಮಾ ಹಾಡು. ಗಾಡಿಯಲ್ಲಿ ಬಂದದ್ದು ಗಾಡಿಯಲ್ಲೇ ಮುಂದಿನ ಊರಿಗೆ ಹೋಯಿತು, ರಾಗ ಮಾತ್ರ ಊರಿನ ಬಾಯಲ್ಲಿ ಉಳಿಯಿತು.

ಬೀದಿ ಪರದೆಯೂ ಹೀಗೆಯೇ ಬಂದದ್ದು. ದೊಡ್ಡ ಸಲಕರಣೆಯ ದೃಶ್ಯ ಒಂದಾದ ಮೇಲೆ ಪರದೆಯ ಮುಂದೆ ಆಡುವ ಕಿರುದೃಶ್ಯ ಒಂದು, ಮತ್ತೆ ದೊಡ್ಡದು. ಈ ಹೆಣಿಗೆಯನ್ನು ಪಾರ್ಸಿ ಕಂಪನಿಗಳು ನಾಡಿಗೆಲ್ಲ ಕಲಿಸಿದವು. 1934ರಲ್ಲಿ ಗುಬ್ಬಿ ಕಂಪನಿಯ 'ಕುರುಕ್ಷೇತ್ರ'ದಲ್ಲಿ ಆನೆ, ಕುದುರೆಗಳು ನಿಜವಾಗಿಯೇ ರಂಗಕ್ಕೆ ಬಂದವು. ಅಷ್ಟು ದೊಡ್ಡ ಸಂಭ್ರಮ ಸಜ್ಜಾಗಬೇಕಾದರೆ ಯಾರಾದರೂ ಬೀದಿಯಲ್ಲಿ ನಿಂತು ಜನರನ್ನು ನಗಿಸುತ್ತಿರಲೇಬೇಕಿತ್ತು.

ಶೇಂಗಾ ದುಡ್ಡು, ಜಾತ್ರೆ, ನಾಟಕದ ಮೇಷ್ಟ್ರು

ಕಂಪನಿಯವರು ಕ್ಯಾಂಪ್ ಹಾಕುವ ಮುಂಚೆ ಮೂರು ವಿಷಯ ನೋಡುತ್ತಾರೆ: ಬಂದು ಹೋಗಲು ರಸ್ತೆ ಇದೆಯೇ, ಸುತ್ತಿನ ಹಳ್ಳಿಯವರನ್ನು ಸೆಳೆಯುವ ಸಂತೆ ಇದೆಯೇ, ಜನರ ಕೈಯಲ್ಲಿ ಸುಗ್ಗಿಯ ದುಡ್ಡು ಇದೆಯೇ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿರುವ ಚಳ್ಳಕೆರೆಗೆ ಶೇಂಗಾ ಆ ದುಡ್ಡು ಕೊಟ್ಟಿತು. ಗಾಣ ಹೋಗಿ ಎಣ್ಣೆ ಮಿಲ್ಲುಗಳು ಎದ್ದವು, ಊರಿಗೆ 'ಎಣ್ಣೆ ನಗರಿ' ಎಂಬ ಹೆಸರು ಬಂತು, ವ್ಯಾಪಾರದ ಭರಾಟೆ ಕಂಡವರು 'ಎರಡನೇ ಮುಂಬೈ' ಎಂದೂ ಕರೆದರು. ಶೇಂಗಾ ಜತೆಗೆ ಕಂಬಳಿ ಸಂತೆ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆಯ ಮಗ್ಗಗಳು. ಮಾಘ, ಫಾಲ್ಗುಣ ಬಂತೆಂದರೆ ಜಾತ್ರೆಗಳ ಸಾಲು. ಫಾಲ್ಗುಣದಲ್ಲಿ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ತೇರು ನೋಡಲು ಬರುವ ಜನಕ್ಕೆ ಲೆಕ್ಕವಿಲ್ಲ. ತೇರು ಎಳೆದು, ಬುತ್ತಿ ಉಂಡು, ರಾತ್ರಿ ನಾಟಕ ನೋಡಿ ಬೆಳಿಗ್ಗೆ ಊರು ಸೇರುವುದು ಇಲ್ಲಿನವರ ವಾಡಿಕೆ.

ಕಂಪನಿ ನೋಡಿ ಹಳ್ಳಿ ಕಲಿಯಿತು, ಕಲಿತು ತಾನೇ ಆಡಿತು. ಈಗಲೂ ಈ ಎರಡು ತಾಲ್ಲೂಕುಗಳಲ್ಲಿ 'ಕುರುಕ್ಷೇತ್ರ' ಆಡದ, ಕಂದಗಲ್ ಹನುಮಂತರಾಯರ 'ರಕ್ತರಾತ್ರಿ'ಯ ಮಾತು ಕೇಳದ ಊರು ಕಡಿಮೆ. ಹೊಲದ ಕೆಲಸ ಮುಗಿದ ದಿನಗಳಲ್ಲಿ ನಾಟಕದ ಮೇಷ್ಟ್ರು ಪೆಟ್ಟಿಗೆ ಹೊತ್ತು ಊರಿಗೆ ಬರುತ್ತಾರೆ. ಯಾರ ಮನೆಯಲ್ಲಿ ಊಟ, ಯಾರ ಪಡಸಾಲೆಯಲ್ಲಿ ಕಲಿಕೆ ಎಂಬುದು ತೀರ್ಮಾನವಾಗುತ್ತದೆ. ಪಾತ್ರಗಳು ಹಂಚಿಕೆಯಾಗುತ್ತವೆ, ಪಾತ್ರಕ್ಕೆ ತಕ್ಕಂತೆ ಪಾಲಿನ ದುಡ್ಡು. ದ್ರೌಪದಿ, ಉತ್ತರೆಯರ ಪಾತ್ರಕ್ಕೆ ಹೊರಗಿನಿಂದ ವೃತ್ತಿ ಕಲಾವಿದೆಯರು ಬರುತ್ತಾರೆ. ಬಳ್ಳಾರಿ ಸೀಮೆಗೆ ಇದರಲ್ಲಿ ದೊಡ್ಡ ಹೆಸರು, ಸುಭದ್ರಮ್ಮ ಮನ್ಸೂರರ ಕಂಠವನ್ನು ಕೇಳಿದವರು ಅದನ್ನು ಮರೆಯಲಾರರು. ಪರದೆ, ಕಿರೀಟ, ಗದೆ ಎಲ್ಲವೂ ಡ್ರಾಮಾ ಸೀನರಿಯವರಿಂದ ಬಾಡಿಗೆಗೆ.

ಆಟದ ರಾತ್ರಿ ಭೀಮನ ಪಾತ್ರದವನು ಪದ್ಯ ಮುಗಿಸಿದ ಕೂಡಲೇ ಸೋದರಮಾವ ರಂಗ ಹತ್ತಿ ಹೂವಿನ ಹಾರ ಹಾಕುತ್ತಾನೆ, ಮೈಕಿನಲ್ಲಿ ಇನಾಮು ಕೂಗುತ್ತಾರೆ. ನಗರದ ರಸಿಕರಿಗೆ ಇದು ರಸಭಂಗ ಅನ್ನಿಸೀತು. ಊರಿಗೆ ಹಾಗಲ್ಲ. ಹಗಲು ಮಿಲ್ಲಿನಲ್ಲಿ ಮೂಟೆ ಹೊರುವ ಹುಡುಗ ಆ ರಾತ್ರಿ ಭೀಮನಾಗಿ ಸಾವಿರ ಜನರೆದುರು ಶ್ರುತಿ ತಪ್ಪದೆ ಹಾಡಿದ್ದಾನೆ. ಆತ ದೊಡ್ಡವನಾದ ಎಂದು ಊರು ಒಪ್ಪಿಕೊಳ್ಳುವ ಗಳಿಗೆ ಅದು. ಮೀಸೆ ಚಿಗುರಿದ ಹುಡುಗರಿಗೆ ಈ ಸೀಮೆಯಲ್ಲಿ ನಾಟಕ ಕಲಿಯುವುದೆಂದರೆ ಬೆಳೆಯುವುದರ ಒಂದು ಮೆಟ್ಟಿಲು: ಓದು ಬಿಟ್ಟವನು ಪದ್ಯ ಬಾಯಿಪಾಠ ಮಾಡಲು ಅಕ್ಷರಕ್ಕೆ ಮರಳುತ್ತಾನೆ, ಮಾತಿಗೆ ನಾಚುವವನು ಗಂಟಲು ಬಿಡುತ್ತಾನೆ, ಬೇರೆ ಬೇರೆ ಕೇರಿಯ ಹುಡುಗರು ಮೂರು ತಿಂಗಳು ಒಂದೇ ಪಡಸಾಲೆಯಲ್ಲಿ ಕೂರುತ್ತಾರೆ. ಆ ಮೂರು ತಿಂಗಳಲ್ಲಿ ನಿಜವಾಗಿ ನಡೆಯುವುದು ಆ ಹುಡುಗರ ಕಥೆ. ರಂಗಕ್ಕೆ ಹತ್ತುವುದು ಮಾತ್ರ ಕೌರವ ಪಾಂಡವರ ಕಥೆ.

ಕಂಪನಿಯೆಂಬ ಅಲೆಯುವ ಕೇರಿ

ಕಂಪನಿಯ ಟೆಂಟೂ ಒಂದು ಕೇರಿಯೇ. ಅಡುಗೆ ಭಟ್ಟ, ಪರದೆ ಎಳೆಯುವವನು, ಬಣ್ಣದವನು, ರಾಜಪಾತ್ರದವನು, ಅವರ ಹೆಂಡಿರು ಮಕ್ಕಳು ಎಲ್ಲ ಒಂದೇ ಪಂಕ್ತಿಯಲ್ಲಿ ಉಂಡು, ಒಂದೇ ತಗಡಿನ ಮಾಡಿನ ಕೆಳಗೆ ಮಲಗಿ, ಒಂದೇ ಗಾಡಿಯಲ್ಲಿ ಮುಂದಿನ ಊರಿಗೆ ಹೊರಡುತ್ತಿದ್ದರು. ಕನ್ನಡದ ಅನೇಕ ದೊಡ್ಡವರು ಈ ಕೇರಿಯಲ್ಲಿ ಬೆಳೆದ ಮಕ್ಕಳು. ಗುಬ್ಬಿ ವೀರಣ್ಣನವರು ಬಾಲನಟರಾಗಿ ಕಂಪನಿ ಸೇರಿ ಅದರ ಒಡೆಯರಾದರು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ ಅಪ್ಪನ ಜತೆ ಗುಬ್ಬಿ ಕಂಪನಿಯಲ್ಲಿ ಓಡಾಡುತ್ತ ಹಾಡು, ಮಾತು, ನಿಲುವು ಕಲಿತು, 1954ರ 'ಬೇಡರ ಕಣ್ಣಪ್ಪ'ದಲ್ಲಿ ರಾಜಕುಮಾರ್ ಆದರು. ಜಿ.ವಿ. ಅಯ್ಯರ್ ಎಂಟರ ವಯಸ್ಸಿನಲ್ಲಿ ಅದೇ ಕಂಪನಿ ಸೇರಿದವರು. ಬಂಟ್ವಾಳ ತಾಲ್ಲೂಕಿನ ಮಂಚಿಯ ಬಾಬುಕೋಡಿಯಿಂದ ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಹೊರಟ ಬಿ.ವಿ. ಕಾರಂತರಿಗೂ ಅಲ್ಲಿ ನೆಲೆ ಸಿಕ್ಕಿತು. ಅವರನ್ನು ಕಾಶಿಗೆ ಓದಲು ಕಳಿಸಿದವರು ವೀರಣ್ಣನವರೇ.

ಈ ಕಥೆಯ ಒಂದು ಎಳೆ ನೇರವಾಗಿ ಚಳ್ಳಕೆರೆ ತಾಲ್ಲೂಕಿಗೆ ಬಂದು ಸೇರುತ್ತದೆ. ತಳುಕು ಈ ತಾಲ್ಲೂಕಿನ ಊರು. ಮೈಸೂರು ವಿಶ್ವವಿದ್ಯಾಲಯದ ಮೊದಲ ಕನ್ನಡ ಪ್ರಾಧ್ಯಾಪಕರಾದ ಟಿ.ಎಸ್. ವೆಂಕಣ್ಣಯ್ಯನವರ ಮನೆತನ ಅಲ್ಲಿಯದು. ಅದೇ ಮನೆತನದ ತಳುಕಿನ ರಾಮಸ್ವಾಮಯ್ಯ ಸುಬ್ಬರಾಯರು, ಅಂದರೆ ತ.ರಾ.ಸು., ಚಿತ್ರದುರ್ಗದ ಸಂಗೀತಗಾರನೊಬ್ಬನ ಬದುಕನ್ನು 1952ರಲ್ಲಿ 'ಹಂಸಗೀತೆ' ಕಾದಂಬರಿಯಾಗಿಸಿದರು. ಅದು 1956ರಲ್ಲಿ ಹಿಂದಿಯಲ್ಲಿ 'ಬಸಂತ್ ಬಹಾರ್' ಆಯಿತು. 1975ರಲ್ಲಿ ಕನ್ನಡದಲ್ಲಿ ಚಿತ್ರ ಮಾಡಿದವರು ಜಿ.ವಿ. ಅಯ್ಯರ್. ಸಂಗೀತದಲ್ಲಿ ಬಾಲಮುರಳಿಕೃಷ್ಣರ ಜತೆ ಬಿ.ವಿ. ಕಾರಂತರ ಕೈಯೂ ಇತ್ತು. ತಳುಕಿನ ಮಾತಿಗೆ ಗುಬ್ಬಿಯ ಅಲೆಯುವ ಕೇರಿಯ ಇಬ್ಬರು ಮಕ್ಕಳು ಹಾಡು ಕಟ್ಟಿದರು.

ತ.ರಾ.ಸು. ಬೆಳೆಯುವ ಹುಡುಗನ ಕಥೆಯನ್ನೂ ಬರೆದರು. ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ತೆಗೆದ 'ನಾಗರಹಾವು' ಚಿತ್ರದ ರಾಮಾಚಾರಿ ಚಿತ್ರದುರ್ಗದ ಬೀದಿಯ ಹುಡುಗ. ಕೋಟೆಯ ಬಂಡೆಗಳು, ಮೇಷ್ಟ್ರು, ಗೆಳೆಯರು, ಜಾತಿಯ ಗೋಡೆಗೆ ಡಿಕ್ಕಿ ಹೊಡೆದು ಒಡೆದ ಪ್ರೀತಿ. ಅರ್ಧ ಶತಮಾನ ಕಳೆದರೂ ಆ ಹುಡುಗನನ್ನು ಜಿಲ್ಲೆ ತನ್ನವನೆಂದೇ ಹೇಳುತ್ತದೆ. ನಮ್ಮ ಊರಿನ ಬೀದಿಯೇ ಕಥೆಯಾಗಿ ಎದುರು ನಿಂತಾಗ ಜನ ಹೇಗೆ ಅಪ್ಪಿಕೊಳ್ಳುತ್ತಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಸಿನಿಮಾಕ್ಕೆ ಒದಗಿದ ಈ ಭಾಗ್ಯ ತಿರುಗಾಟದ ರಂಗಕ್ಕೂ ಒದಗಬೇಕಿತ್ತು.

ನ್ಯೂಯಾರ್ಕಿನ ಒಂದು ಬೀದಿ

ಕಂಪನಿ ನಾಟಕ ಬೀದಿಯನ್ನು ಪೂರ್ತಿ ಮರೆತಿತ್ತು ಎಂದರೆ ತಪ್ಪಾಗುತ್ತದೆ. ಪುರಾಣದ ಜತೆಗೆ ಸಾಮಾಜಿಕ ನಾಟಕಗಳು ಬಂದವು. ದಾವಣಗೆರೆಯ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ 'ಹಳ್ಳಿ ಹುಡುಗಿ' ಮನೆಮನೆ ಮಾತಾಯಿತು. ಪಿ.ಬಿ. ಧುತ್ತರಗಿಯವರ 'ಮುದುಕನ ಮದುವೆ' ಆಡದ ಕ್ಯಾಂಪ್ ಇರಲಿಲ್ಲ. ಪರದೆಯ ಮುಂದೆ ನಿಂತು ನಗಿಸುತ್ತಿದ್ದವರು ಈ ನಾಟಕಗಳಲ್ಲಿ ಮನೆಯೊಳಕ್ಕೆ ಬಂದರು. ಕಥೆ ಮಾತ್ರ ಬಹುಪಾಲು ಒಂದು ಮನೆಯದು: ಗಯ್ಯಾಳಿ ಅತ್ತೆ, ಕುಡುಕ ಗಂಡ, ತ್ಯಾಗದ ತಾಯಿ. ಇಡೀ ಬೀದಿಗೆ ಬೀದಿಯೇ ಕಥೆಯಾಗುವುದು ಬೇರೆ ಬಗೆ.

ಆ ಬಗೆಯ ಒಂದು ದೊಡ್ಡ ಉದಾಹರಣೆ ದೂರದ ನ್ಯೂಯಾರ್ಕಿನಲ್ಲಿದೆ. ಆ ಊರಿನ ವಾಷಿಂಗ್ಟನ್ ಹೈಟ್ಸ್ ಎಂಬ ಬಡಾವಣೆಯಲ್ಲಿ ಡೊಮಿನಿಕನ್, ಪೋರ್ಟೊರಿಕನ್ ಮೂಲದ ಕುಟುಂಬಗಳು ಹೆಚ್ಚು. ಪಕ್ಕದ ಬಡಾವಣೆಯಲ್ಲಿ ಬೆಳೆದ ಲಿನ್ ಮ್ಯಾನುಯೆಲ್ ಮಿರಾಂಡಾ ಕಾಲೇಜಿನಲ್ಲಿದ್ದಾಗಲೇ ಆ ಬೀದಿಯ ಬಗ್ಗೆ ಹಾಡಿನ ನಾಟಕವೊಂದನ್ನು ಕಟ್ಟಲು ಶುರುಮಾಡಿದರು. 'ಇನ್ ದ ಹೈಟ್ಸ್' ಎಂಬ ಹೆಸರಿನ ಆ ನಾಟಕ 2008ರಲ್ಲಿ ಬ್ರಾಡ್‌ವೇ ಹತ್ತಿತು, ಆ ವರ್ಷದ ಶ್ರೇಷ್ಠ ಸಂಗೀತ ನಾಟಕವೆಂದು ಟೋನಿ ಪ್ರಶಸ್ತಿ ಪಡೆಯಿತು, ಮರುವರ್ಷ ಅಮೆರಿಕದ ಊರೂರಿಗೆ ಸಂಚಾರ ಹೊರಟಿತು.

ಕಥೆಯಲ್ಲಿ ರಾಜರಿಲ್ಲ, ಯುದ್ಧವಿಲ್ಲ. ಮೂಲೆ ಅಂಗಡಿ ನಡೆಸುವ ತರುಣ, ಬೀದಿಯ ಮಕ್ಕಳನ್ನೆಲ್ಲ ಸಾಕಿದ ಅಜ್ಜಿ, ಬ್ಯೂಟಿ ಪಾರ್ಲರಿನ ಹೆಂಗಸರು, ಬಾಡಿಗೆ ಕಾರಿನ ಕಚೇರಿ ಇಟ್ಟುಕೊಂಡ ಅಪ್ಪ. ಬೀದಿಯಲ್ಲೇ ಮೊದಲ ಬಾರಿಗೆ ದೊಡ್ಡ ವಿಶ್ವವಿದ್ಯಾಲಯಕ್ಕೆ ಹೋದ ಆತನ ಮಗಳು ಫೀಸು ತುಂಬಲು ದುಡಿದು, ಓದು ಹಿಂದೆ ಬಿದ್ದು, ಮನೆಗೆ ಮರಳಿದ್ದಾಳೆ. ಅದನ್ನು ಅಪ್ಪನಿಗೆ ಹೇಗೆ ಹೇಳುವುದು? ಬಾಡಿಗೆ ಏರುತ್ತಿದೆ, ಒಬ್ಬೊಬ್ಬರೇ ಬೀದಿ ಬಿಡುತ್ತಿದ್ದಾರೆ. ಒಂದು ರಾತ್ರಿ ಕರೆಂಟು ಹೋಗುತ್ತದೆ, ಇಡೀ ಬೀದಿ ಕತ್ತಲಲ್ಲಿ ಒಬ್ಬರನ್ನೊಬ್ಬರು ಕೂಗಿ ಹುಡುಕುತ್ತದೆ. ಮಾತು ಇಂಗ್ಲಿಷ್, ನಡುನಡುವೆ ಸ್ಪ್ಯಾನಿಷ್. ತಾಳ ಅವರ ಹಬ್ಬದ ಕುಣಿತದ್ದು ಮತ್ತು ಬೀದಿ ಹುಡುಗರ ರ‍್ಯಾಪ್‌ನದ್ದು.

ಮೊದಲಿನಿಂದ ಕೊನೆಯವರೆಗೆ ರಂಗದ ಮೇಲಿರುವುದು ಒಂದೇ ಬೀದಿ. ನಮ್ಮಲ್ಲಿ ಸೀನು ಬದಲಿಸುವಾಗ ಇಳಿಸುತ್ತಿದ್ದ ಪರದೆಯೇ ಅಲ್ಲಿ ನಾಟಕದ ಮೈಯಾಗಿದೆ. ಓದಲು ದೂರ ಹೋಗಿ ತಲೆ ತಗ್ಗಿಸಿ ಬಂದ ಹುಡುಗಿ ಚಳ್ಳಕೆರೆಯ ಯಾವ ಬೀದಿಯಲ್ಲಿಲ್ಲ? ಸಾಕಿದ ಅಜ್ಜಿ ಯಾವ ಹಟ್ಟಿಯಲ್ಲಿಲ್ಲ? ಎರಡು ಭಾಷೆ ಬೆರೆಸಿ ಮಾತಾಡುವ ಮಕ್ಕಳು ಮೊಳಕಾಲ್ಮೂರಿನಲ್ಲಿ ಮನೆಮನೆಗೂ ಇದ್ದಾರೆ. ಕರೆಂಟು ಹೋದ ರಾತ್ರಿಯ ಬಗ್ಗೆಯಂತೂ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಈ ನೆಲದ ಮಗು, ಈ ನೆಲದ ಹಾಡು

ಮಕ್ಕಳು ಹೇಗೆ ಬೆಳೆಯಬೇಕು ಎಂಬ ಮಾತಿಗೆ ಈ ಸೀಮೆಯಲ್ಲಿ ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನ ದಾಖಲೆಯಿದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಬಿ.ಎಲ್. ರೈಸ್ 1892ರಲ್ಲಿ ಅಶೋಕನ ಶಾಸನಗಳನ್ನು ಪತ್ತೆ ಮಾಡಿದರು. ತಂದೆ ತಾಯಿಯ ಮಾತು ಕೇಳಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂಬ ಬುದ್ಧಿಮಾತು ಅಲ್ಲಿದೆ. ಬರೆದ ಲಿಪಿಕಾರ ಚಪಡನ ಹೆಸರೂ ಬಂಡೆಯ ಮೇಲಿದೆ. ಮಕ್ಕಳಿಗೆ ದೊರೆ ಹೇಳಿದ ಮಾತು ಕಲ್ಲಿನಲ್ಲಿ ಉಳಿಯಿತು. ಮಕ್ಕಳು ತಾವೇ ಆಡಿದ ಮಾತು ಉಳಿದದ್ದು ಹಾಡಿನಲ್ಲಿ.

ಆ ಹಾಡಿನ ದೊಡ್ಡ ಕಣಜ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ. ಅಕ್ಷರ ಕಲಿಯದ ಈ ತಾಯಿಯ ನಾಲಿಗೆಯ ಮೇಲೆ ಸಾವಿರಾರು ಹಾಡುಗಳಿದ್ದವು. ಕೃಷ್ಣಮೂರ್ತಿ ಹನೂರರು ಅವನ್ನು ಕೇಳಿ ಬರೆದುಕೊಂಡು 'ಸಾವಿರದ ಸಿರಿಬೆಳಗು' ಪುಸ್ತಕವಾಗಿಸಿದರು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅಜ್ಜಿಗೆ ನಾಡೋಜ ಗೌರವ ಕೊಟ್ಟಿತು. ತೊಟ್ಟಿಲು, ಮೈನೆರೆಯುವುದು, ಸೋಬಾನೆ, ತವರು ಬಿಡುವುದು, ದನಕರು, ಸಾವು ಎಲ್ಲಕ್ಕೂ ಆ ಹಟ್ಟಿಯಲ್ಲಿ ಹಾಡಿದೆ. ಕಾಡುಗೊಲ್ಲರು ಗಣೆಯೂದಿ ಹಾಡುವ ಜುಂಜಪ್ಪನ ಕಾವ್ಯದಲ್ಲಿ ವೀರನ ಹುಟ್ಟು, ಬಾಲ್ಯ, ದನಗಾಹಿ ದಿನಗಳು ವಿಸ್ತಾರವಾಗಿ ಬರುತ್ತವೆ. ಮ್ಯಾಸಬೇಡರ ಹಟ್ಟಿಗಳಲ್ಲಿ ಉರುಮೆ ಮೊಳಗಿದರೆ ಮಲಗಿದ ಮಗುವೂ ಕಾಲಾಡಿಸುತ್ತದೆ. ಮೊಳಕಾಲ್ಮೂರಿನ ಮಗ್ಗದ ಮನೆಗಳಲ್ಲಿ ಲಾಳಿ ಅತ್ತಿತ್ತ ಓಡುವ ಲಯವೇ ಜೋಗುಳ. ಸಂಗೀತ ನಿರ್ದೇಶಕನೊಬ್ಬನಿಗೆ ಇದಕ್ಕಿಂತ ದೊಡ್ಡ ಬಂಡವಾಳ ಇನ್ನೇನು ಬೇಕು?

ಕಥೆಗೂ ಬರವಿಲ್ಲ. 2023ರ ಏಪ್ರಿಲ್ 2ರ ಬೆಳಿಗ್ಗೆ ಚಳ್ಳಕೆರೆ ತಾಲ್ಲೂಕಿನ ವೈಮಾನಿಕ ಪರೀಕ್ಷಾ ಕೇಂದ್ರದಲ್ಲಿ ಇಸ್ರೊದ ಮರುಬಳಕೆ ವಾಹನ, ಹೆಲಿಕಾಪ್ಟರಿನಿಂದ ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಡುಗಡೆಯಾಗಿ, ತನ್ನಷ್ಟಕ್ಕೆ ತಾನೇ ಹಾರಿ ರನ್‌ವೇಗೆ ಇಳಿಯಿತು. ಅಮೃತಮಹಲ್ ಕಾವಲಿನ ಹುಲ್ಲುಗಾವಲಿದ್ದ ನೆಲ ಅದು. ತಲೆಮಾರುಗಳಿಂದ ಕುರಿ, ದನ ಮೇದ ಆ ಬಯಲಿಗೆ ಈಗ ಗೋಡೆ, ಬೇಲಿ. ಬೇಲಿಯ ಹೊರಗೆ ಕುರಿ ನಿಲ್ಲಿಸಿಕೊಂಡು ಆಕಾಶ ನೋಡುವ ಹುಡುಗನಿಗೆ ಒಂದು ಕಣ್ಣಿನಲ್ಲಿ ವಿಜ್ಞಾನಿಯಾಗುವ ಕನಸು, ಇನ್ನೊಂದು ಕಣ್ಣಿನಲ್ಲಿ ನಾಳೆ ಕುರಿ ಎಲ್ಲಿಗೆ ಹೊಡೆಯಲಿ ಎಂಬ ಚಿಂತೆ. ಆ ಹುಡುಗ ಹಾಡಿದರೆ ಅದು ಎಂಥ ಹಾಡಾದೀತು!

ಆತನ ಅಕ್ಕನ ಹಾಡು ಇನ್ನೂ ಕಷ್ಟದ್ದು. ಕೆಲವು ಹಟ್ಟಿಗಳಲ್ಲಿ ಮೈನೆರೆದ ಹುಡುಗಿಯನ್ನು, ಹೆತ್ತ ತಾಯಿ ಮತ್ತು ಎಳೆಗೂಸನ್ನು ಊರ ಹೊರಗಿನ ಗುಡಿಸಲಲ್ಲಿ ಇರಿಸುವ ರೂಢಿ ಇನ್ನೂ ಹೋಗಿಲ್ಲ. ಸರ್ಕಾರ ಕೃಷ್ಣ ಕುಟೀರಗಳನ್ನು ಕಟ್ಟಿಸಿ ಅವರಿಗೊಂದು ಗಟ್ಟಿ ಸೂರು ಕೊಟ್ಟಿತು, ಆದರೆ ಗೋಡೆ ಗಟ್ಟಿಯಾದ ಮಾತ್ರಕ್ಕೆ ರೂಢಿ ಹೋಗಲಿಲ್ಲ. ಅಧಿಕಾರಿಯ ಭಾಷಣಕ್ಕೆ ತಲೆಯಾಡಿಸಿ ಸುಮ್ಮನಾಗುವ ಹಿರಿಯರು, ತಮ್ಮದೇ ಹಟ್ಟಿಯ ಮಗಳು ತಮ್ಮದೇ ಸೋಬಾನೆ ಮಟ್ಟಿನಲ್ಲಿ ಮಳೆಯ ರಾತ್ರಿಯ ಭಯವನ್ನು ಹಾಡಿದರೆ ಸುಮ್ಮನೆ ಕೂರಲಾರರು. ನಾಟಕದ ಹಾಡಿಗೆ ಆ ಬಲವಿದೆ. ಬುದ್ಧಿ ಹೇಳಿದರೆ ಬಾಗಿಲು ಹಾಕಿಕೊಳ್ಳುವ ಮನಸ್ಸು ರಾಗ ಕೇಳಿದರೆ ತೆರೆದುಕೊಳ್ಳುತ್ತದೆ.

ಆಡುವವರು ಯಾರು?

ಇಂಥ ನಾಟಕವನ್ನು ಊರೂರಿಗೆ ಒಯ್ಯುವ ಗಾಡಿಗಳು ನಮ್ಮಲ್ಲಿವೆ. ಹೆಗ್ಗೋಡಿನ ನೀನಾ‌ಸಂ ತಿರುಗಾಟ 1985ರಿಂದ ನಡೆದಿದೆ. ನಮ್ಮದೇ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರು 1997ರಲ್ಲಿ ಶುರುಮಾಡಿದ ಶಿವಸಂಚಾರ ವರ್ಷಕ್ಕೆ ಮೂರು ನಾಟಕ ಕಟ್ಟಿಕೊಂಡು ನಾಡು ಸುತ್ತುತ್ತದೆ. ವೃತ್ತಿ ರಂಗಭೂಮಿಗೆಂದೇ ದಾವಣಗೆರೆಯಲ್ಲಿ ರಂಗಾಯಣ ಬಂದಿದೆ. ಪ್ರತಿ ತಂಡದಲ್ಲೂ ಹಾಡುವ, ಕುಣಿಯುವ, ಗುಂಪಿನಲ್ಲಿ ಬೀದಿಯಾಗಿ ನಿಲ್ಲಬಲ್ಲ ಹತ್ತಾರು ತರುಣರಿದ್ದಾರೆ. ಮಕ್ಕಳ ಬದುಕನ್ನು ಹಾಡಿನ ನಾಟಕವಾಗಿಸುವ ದಾರಿಯನ್ನು 'ಪಂಜರಶಾಲೆ'ಯಂಥ ಪ್ರಯೋಗಗಳಲ್ಲಿ ಬಿ.ವಿ. ಕಾರಂತರು ಎಂದೋ ತೋರಿಸಿಕೊಟ್ಟಿದ್ದಾರೆ.

ಕೊರತೆ ಇರುವುದು ಪಠ್ಯದ್ದು. ಅದನ್ನು ಬೆಂಗಳೂರಿನಲ್ಲಿ ಕೂತು ಬರೆದರೆ ಆಗದು. ಇಲ್ಲಿನ ಶಾಲೆ ಕಾಲೇಜುಗಳ ಮಕ್ಕಳು ಒಂದು ವರ್ಷ ತಮ್ಮ ಬೀದಿಯ ಮಾತನ್ನು ತಾವೇ ಬರೆದಿಡಲಿ: ಮಿಲ್ಲಿನ ಸೈರನ್ನು, ಕೊಳಾಯಿ ಮುಂದಿನ ಜಗಳ, ಬೆಂಗಳೂರಿಗೆ ಗುಳೆ ಹೋದ ಅಪ್ಪನ ಫೋನು, ಗಣೇಶನ ಹಬ್ಬದ ಪಟ್ಟಿ, ತೆಲುಗಿನಲ್ಲಿ ಬೈದು ಕನ್ನಡದಲ್ಲಿ ಮುದ್ದಿಸುವ ಅಜ್ಜಿ. ನಾಟಕದ ಮೇಷ್ಟ್ರು ಅದಕ್ಕೆ ಮಟ್ಟು ಹಾಕಲಿ, ಹಟ್ಟಿಯ ಹಾಡುಗಾರ್ತಿಯರು ತಪ್ಪು ತಿದ್ದಲಿ, ತಿರುಗಾಟದ ನಿರ್ದೇಶಕರೊಬ್ಬರು ಅದನ್ನು ಹೆಣೆಯಲಿ. ಪುರಾಣ ನಾಟಕ ನಿಲ್ಲಬೇಕಿಲ್ಲ. ಭೀಮನ ಪದ್ಯವನ್ನು ಎತ್ತಿ ಗಳಿಸಿದ ಗಂಟಲೇ ಈ ಹಾಡನ್ನೂ ಹಾಡಬಲ್ಲದು.

ಕೊನೆಗೆ ಈ ಎರಡು ತಾಲ್ಲೂಕಿನ ನಾಟಕ ಸಂಘಗಳ ಹುಡುಗರಲ್ಲಿ ಒಂದು ಬೇಡಿಕೆ. ಬರುವ ಸುಗ್ಗಿಗೆ ನೀವು 'ಕುರುಕ್ಷೇತ್ರ'ವನ್ನೇ ಆಡಿ. ಆದರೆ ಬೀದಿ ಪರದೆಯೊಂದನ್ನು ಬಾಡಿಗೆಗೆ ತರಬೇಡಿ. ಬಣ್ಣದವರನ್ನು ನಿಮ್ಮ ಕೇರಿಗೆ ಕರೆದುಕೊಂಡು ಹೋಗಿ, ನಿಮ್ಮ ಬೀದಿಯನ್ನೇ ನೋಡಿ ಬರೆಸಿ: ಆ ಬೇವಿನಮರ, ಆ ಟೀ ಅಂಗಡಿ, ಆ ನೀರಿನ ಟ್ಯಾಂಕು, ಜಗಲಿಯ ಮೇಲೆ ಕೂತ ಆ ಅಜ್ಜಿ. ಆ ಪರದೆ ಇಳಿದಾಗ ಚಾಪೆಯ ಮೇಲಿನ ಮಗು 'ಯಮ್ಮಾ, ಆ ಬೀದಿ ಯಾವೂರ್ದು?' ಎಂದು ಕೇಳಬೇಕಾಗುವುದಿಲ್ಲ. ಹೊಸ ನಾಟಕ ಅಲ್ಲಿಂದಲೇ ಶುರುವಾಗಲಿ.